ಕೆಂಪು ಲಾಳಿಯ ಮೂವತ್ತೇಳನೆಯ ಪುಟ

ಹೋದ ವಾರ ಬಾಗಲಕೋಟೆಯಿಂದ ರೇಷ್ಮಾ ಒಂದು ಕಟ್ಟು ಕಾಗದ ಕಳಿಸಿದಳು. ‘ಕೆಂಪು ಲಾಳಿ’ ಎಂಬ ಹಳೆಯ ಪತ್ತೇದಾರಿ ಕಾದಂಬರಿಯ ಹೊಸ ಮುದ್ರಣದ ಕರಡು ಅದು. ಬರೆದವರು ಮೌನೇಂದ್ರ. ಖರೆ ಹೆಸರು ರಾಚಪ್ಪ, ಇಳಕಲ್ಲಿನ ನೇಕಾರರು. ಐವತ್ತು ವರ್ಷದ ಹಿಂದೆ ಒಂದೇ ಸಲ ಅಚ್ಚಾಗಿ, ಕೈಯಿಂದ ಕೈಗೆ ಹೋಗಿ ಹರಿದು, ಈಗ ನಮಗೆ ಗೊತ್ತಿರುವಂತೆ ಒಂದೇ ಪ್ರತಿ ಉಳಿದಿರುವ ಪುಸ್ತಕ. ಕರಡಿನಲ್ಲಿ ಮೂವತ್ತಾರನೆಯ ಪುಟ ಮುಗಿದ ಮೇಲೆ ಸ್ವಲ್ಪ ಖಾಲಿ ಜಾಗ ಬಿಟ್ಟು, ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದಾರೆ: ‘ಮೂಲ ಪ್ರತಿಯಲ್ಲಿ ಪುಟ ೩೭ ಮತ್ತು ೩೮ ಕಳೆದುಹೋಗಿವೆ.’

ಜೊತೆಗೆ ರೇಷ್ಮಾಳ ಚೀಟಿ. ‘ಸರ್, ಈ ಪುಸ್ತಕ ಹುಡುಕಿ ಕೊಟ್ಟವರು ನೀವು. ಲೈಬ್ರರಿ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಉಪಯೋಗವಾಗುವ ಹಾಗೆ ನಿಮ್ಮ ಅನುಭವ ಬರೆದುಕೊಡಿ. ಕೊನೆಯಲ್ಲಿ ಹಾಕುತ್ತೇವೆ.’

ಬರೆಯುತ್ತೇನೆ. ಆದರೆ ಆ ಸಣ್ಣ ಅಕ್ಷರದ ಸಾಲು ಸರಿಯಾಗಿಲ್ಲ. ಅದು ಹಾಗೇ ಅಚ್ಚಿಗೆ ಹೋಗಬಾರದು. ಯಾಕೆ ಅನ್ನುವುದನ್ನು ಹೇಳಬೇಕಾದರೆ ಬುಡದಿಂದ ಶುರು ಮಾಡಬೇಕು.

ನಮ್ಮೂರು ಬೇವೂರು. ಅಪ್ಪ ಇಳಕಲ್ಲಿನ ಕಡೆ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಅವ್ವನದು ಹೆಬ್ಬೆಟ್ಟಿನ ಸಹಿ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಮುಚ್ಚಿಡುವುದಿಲ್ಲ. ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಉಳಿದವರು ಪತ್ತೇದಾರಿ ಕಾದಂಬರಿಯನ್ನು ಪಾಳಿ ಹಚ್ಚಿ ಓದುತ್ತ, ಊಟದ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ನೋಟ್ಸ್ ಬರೆಯುತ್ತಿದ್ದೆ. ಕಷ್ಟಪಟ್ಟು ಓದಿದರೆ ಮಾತ್ರ ಓದು, ಸಂತೋಷಕ್ಕೆ ಓದಿದ್ದು ಹಾಳು ಅಂತ ಆವಾಗ ನನ್ನ ತಲೆಯಲ್ಲಿ ಕೂತದ್ದು ಬಹಳ ವರ್ಷ ಏಳಲಿಲ್ಲ.

ಬಿ.ಎ. ಆಯಿತು, ಗ್ರಂಥಾಲಯ ವಿಜ್ಞಾನವೂ ಆಯಿತು. ನೌಕರಿಯ ಆದೇಶ ಹಿಡಿದುಕೊಂಡು ಖಣಿಗೇ ಹೋಗಿ ಅಪ್ಪನಿಗೆ ಹೇಳಿದೆ. ಅವನು ಮೈಮೇಲಿನ ಬಿಳಿ ಧೂಳು ಜಾಡಿಸುತ್ತ ಕೇಳಿದ: “ಬುಕ್ಕು ಕಾಯೂ ಕೆಲಸೇನಲೇ?”

“ಕಾಯೂದಷ್ಟ ಅಲ್ಲಪಾ, ಕೊಡೂದು, ಇಸಗೊಳ್ಳೂದು.”

“ಅಷ್ಟಕ್ಕ ಇಷ್ಟು ವರ್ಷ ಓದಬೇಕಿತ್ತೇನು! ನಾ ಏನೂ ಓದದ ಗುಡ್ಡಾ ಕಾಯಾಕ್ಹತ್ತೇನಿ.” ನಕ್ಕ. ಆಮೇಲೆ ಅಲ್ಲಿದ್ದವರನ್ನೆಲ್ಲ ಕರೆದು ಆದೇಶದ ಕಾಗದ ತೋರಿಸಿದ. ತಲೆಕೆಳಗು ಹಿಡಿದಿದ್ದ. ನಾನು ತಿದ್ದಲಿಲ್ಲ.

ಮುಂದೆ ಬಾದಾಮಿ, ಹುನಗುಂದ, ಇಳಕಲ್, ಬಾಗಲಕೋಟೆ ಅಂತ ಊರೂರು ತಿರುಗಿದೆ. ಬಡ್ತಿಯ ಕಥೆ ಬೇಡ, ಬಂದಾಗ ಬಂತು. ಹೊಸಬರಿಗೆ ಬೇಕಾದದ್ದು ಬೇರೆ ಇದೆ.

ಮೊದಲು ನಮ್ಮ ಕಸುಬಿನ ಒಂದು ಗುಟ್ಟು. ಲೈಬ್ರರಿಗೆ ಬರುವ ಪ್ರತಿ ಪುಸ್ತಕಕ್ಕೂ ಒಂದು ನಂಬರು ಕೊಟ್ಟು ದೊಡ್ಡ ರಿಜಿಸ್ಟರಿನಲ್ಲಿ ಏರಿಸುತ್ತೇವೆ. ಯಾವಾಗ ಬಂತು, ಎಲ್ಲಿಂದ ಬಂತು, ಯಾರು ಕೊಟ್ಟರು, ಎಲ್ಲ ಒಂದೇ ಸಾಲಿನಲ್ಲಿ. ಆ ನಂಬರನ್ನು ಮೊದಲ ಪುಟದಲ್ಲಿ ಬರೆಯುತ್ತೇವೆ. ಒಳಗೆ ಇನ್ನೊಂದು ಪುಟದಲ್ಲಿಯೂ ಸೀಲು ಹೊಡೆದು ಬರೆಯುತ್ತೇವೆ. ಅದು ಗುಪ್ತ ಪುಟ. ಪುಸ್ತಕ ಯಾವುದೇ ಇರಲಿ, ಒಂದು ಲೈಬ್ರರಿಯಲ್ಲಿ ಗುಪ್ತ ಪುಟದ ಸಂಖ್ಯೆ ಒಂದೇ. ನಾನು ಮೊದಲು ಸೇರಿದ ಲೈಬ್ರರಿಯಲ್ಲಿ ಅದು ಮೂವತ್ತೇಳು. ಕಳ್ಳ ರಟ್ಟು ಕಿತ್ತರೂ, ಮೊದಲ ಪುಟ ಹರಿದರೂ, ಮೂವತ್ತೇಳು ತೆಗೆದರೆ ಪುಸ್ತಕ ಯಾರದು ಅಂತ ತಿಳಿಯುತ್ತದೆ. ಸಿಬ್ಬಂದಿಗೆ ಬಿಟ್ಟು ಬೇರೆಯವರಿಗೆ ಇದು ಗೊತ್ತಿರುವುದಿಲ್ಲ ಎಂದು ನಾವು ತಿಳಿದಿರುತ್ತೇವೆ.

ಆ ಲೈಬ್ರರಿ ಯಾವ ಊರಿನದು ಎಂದು ಬರೆಯುವುದಿಲ್ಲ. ತಪ್ಪು ಊರಿನದಲ್ಲ, ಕಟ್ಟಡದ್ದೂ ಅಲ್ಲ.

ಅಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಎರಡು ಕಪಾಟು ಇದ್ದವು. ಬಾಗಿಲು ತೆಗೆಯುವ ಮೊದಲೇ ಜನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಬಸ್ ಕಂಡಕ್ಟರ್, ನರ್ಸ್‌ಬಾಯಿ, ಹಿಟ್ಟಿನ ಗಿರಣಿಯವರು. ಮೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ ಗಿರಣಿಯವರ ಗುರುತು ಪುಸ್ತಕದ ಪುಟಪುಟದಲ್ಲೂ ಉಳಿಯುತ್ತಿತ್ತು. ಯಾವನೋ ಒಬ್ಬ ಕಿಡಿಗೇಡಿ ಮೊದಲ ಪುಟದಲ್ಲೇ ‘ಕೊಂದಾಂವ ಡಾಕ್ಟರ’ ಎಂದು ಪೆನ್ನಿನಿಂದ ಬರೆದುಬಿಡುತ್ತಿದ್ದ. ನರ್ಸ್‌ಬಾಯಿ ಕೌಂಟರಿಗೆ ಬಂದು ಜಗಳ ತೆಗೆದಳು: “ಇವನ್ನ ನೀವು ಹಿಡೀರಿ ಸರ. ಇಲ್ಲಂದ್ರ ನಾನs ಪತ್ತೇದಾರಿಕಿ ಮಾಡಿ ಹಿಡಿತೇನಿ. ಸೂಜಿ ಚುಚ್ಚೂ ಪಾಳಿ ನಂದು ಬರತೈತಿ.” ರೀಡಿಂಗ್ ರೂಮೆಲ್ಲ ನಕ್ಕಿತು. ನಾನೊಬ್ಬ ನಗಲಿಲ್ಲ. ಇಂಥದ್ದಕ್ಕೆ ಇಷ್ಟು ರಂಪವೇ ಅನ್ನಿಸಿತ್ತು.

ಎದುರಿನ ಕಪಾಟಿನಲ್ಲಿ ಗಂಭೀರ ಪುಸ್ತಕಗಳಿದ್ದವು. ರಟ್ಟು ಹೊಸದು, ಹಾಳೆ ಅಂಟಿಕೊಂಡದ್ದು ಅಂಟಿಕೊಂಡ ಹಾಗೇ. ದಿನಾ ಅವುಗಳ ಧೂಳು ಒರೆಸಿ ಹೆಮ್ಮೆಪಡುತ್ತಿದ್ದೆ.

ಬಾದಾಮಿಯಲ್ಲಿದ್ದಾಗಿನ ಮಾತು ಒಂದಿದೆ. ಅಲ್ಲಿ ಓದಲು ಬರುತ್ತಿದ್ದ ದರ್ಜಿಯೊಬ್ಬ ವಾರಪತ್ರಿಕೆಯಿಂದ ಕುಪ್ಪಸದ ನಮೂನೆ ಇದ್ದ ಒಂದು ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿದ. ನನ್ನ ಕೈಗೆ ಸಿಕ್ಕ. ಹಾಳೆ ಕತ್ತರಿಸಿದವರ ಹೆಸರನ್ನು ಬಾಗಿಲ ಬಳಿಯ ಬೋರ್ಡಿನಲ್ಲಿ ಬರೆಯುವ ಪದ್ಧತಿ ಇಟ್ಟಿದ್ದೆ. ಬರೆಯಲು ಹೋದೆ.

“ತಪ್ಪಾತ್ರಿ ಸಾಹೇಬ್ರ. ಗಿರಾಕಿ ಇಂಥಾದ್ದs ಬೇಕಂದ್ಳು. ನನಗ ಚಿತ್ರಾ ತಗೀಲಿಕ್ಕ ಬರೂದಿಲ್ರಿ. ಹೆಸರ ಮಾತ್ರ ಬರೀಬ್ಯಾಡ್ರಿ. ದಿನಾ ಇಲ್ಲೇ ಹಾಯ್ತಾರ ಮಂದಿ.”

“ಹರಿಯಾಂವ ಗಡಿಬಿಡಿಯಾಗ ಹರೀತಾನ. ಬ್ಲೇಡ್ ತರಾಂವ ಮನ್ಯಾಗ ಯೋಚನೆ ಮಾಡಿ ಬರತಾನ,” ಅಂದೆ. ಈ ಮಾತು ಚೆನ್ನಾಗಿ ಆಡಿದೆ ಎಂದು ನನಗೇ ಅನ್ನಿಸಿತ್ತು. ಅವನ ಹೆಸರು, ಅಪ್ಪನ ಹೆಸರು, ಅಂಗಡಿ ಇದ್ದ ಓಣಿ, ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದೆ. ಒಂದು ತಿಂಗಳು ಬಿಟ್ಟೆ. ಅವನು ಮತ್ತೆ ಲೈಬ್ರರಿಯ ಮುಂದಿನ ದಾರಿ ತುಳಿಯಲಿಲ್ಲ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಆ ಮೊದಲ ಲೈಬ್ರರಿಯಲ್ಲಿಯೇ, ಬಾದಾಮಿಗೆ ಹೋಗುವುದಕ್ಕಿಂತ ಮುಂಚೆ ನಡೆದದ್ದು. ಪುಸ್ತಕಗಳ ತಪಾಸಣೆ ಬಂತು. ರಟ್ಟಿಲ್ಲದ, ಹಾಳೆ ಬಿಟ್ಟ ಪುಸ್ತಕಗಳ ಪಟ್ಟಿ ಮಾಡಿ ರದ್ದುಪಡಿಸಬೇಕು. ಮೇಲಿನ ಸಾಹೇಬರು ಬಂದು ಎರಡೂ ಕಪಾಟು ನೋಡಿದರು. ಒಳ್ಳೆಯ ಮನುಷ್ಯ. ಕೇಳಿದರು: “ಇವು ಹರಿದಾವ, ಖರೆ. ಆದ್ರ ಓದಿಸಿಕೊಂಡು ಹರಿದಾವಲ್ಲ? ಬೈಂಡ್ ಮಾಡಿಸೋಣೇನು?”

ನಾನು ಅಂದೆ: “ಬ್ಯಾಡ್ರಿ ಸರ್. ಟೈಮ್‌ಪಾಸ್ ಪುಸ್ತಕ. ಜಾಗಾ ಹಿಡದಾವ. ಒಳ್ಳೇ ಪುಸ್ತಕಕ್ಕ ಕಪಾಟು ಸಾಲವಲ್ದು.”

ಅವರು ಹೂಂ ಅಂದರು. ನಾನು ಗ್ರಾಜುಯೇಟ್ ಎಂಬ ಗೌರವ ಅವರಿಗಿತ್ತು.

ಒಂದೊಂದು ಪುಸ್ತಕದ ಗುಪ್ತ ಪುಟ ತೆಗೆದು, ಹಳೆಯ ಸೀಲಿನ ಪಕ್ಕ ‘ರದ್ದು’ ಎಂಬ ಸೀಲು ಹೊಡೆದು, ಕೆಳಗೆ ಸಹಿ ಹಾಕಿದೆ. ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದೆ. ಎರಡು ಕಪಾಟೂ ರದ್ದಿ ವ್ಯಾಪಾರಿ ಮೌಲಾಸಾಬನ ತಳ್ಳುಗಾಡಿಗೆ ಹೋದವು. ಜನ ಹೆಚ್ಚು ಓದಿದ್ದೆಲ್ಲ ಹರಿದಿತ್ತು. ಹರಿದದ್ದೆಲ್ಲ ಹೋಯಿತು. ಯಾರೂ ಮುಟ್ಟದ್ದು ಮಾತ್ರ ಗಟ್ಟಿಯಾಗಿ ಉಳಿಯಿತು. ಈ ಲೆಕ್ಕ ತಿರುವುಮುರುವು ಎಂದು ನನಗೆ ಹೊಳೆದದ್ದು ಮೂವತ್ತು ವರ್ಷದ ಮೇಲೆ. ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ಈಗ ಕಂಪ್ಯೂಟರ್ ಇದೆ, ಎಷ್ಟು ಸಲ ಯಾರು ಒಯ್ದರು ಎಂದು ಅದೇ ಹೇಳುತ್ತದೆ. ನಮಗೆ ಹರಿದ ರಟ್ಟೇ ಅದನ್ನು ಹೇಳುತ್ತಿತ್ತು, ನಾವು ಕೇಳಲಿಲ್ಲ.

ಅದಾದ ಮೇಲೆ ನರ್ಸ್‌ಬಾಯಿ ಒಂದು ಸಲ ಬಂದು, ಖಾಲಿ ಕಪಾಟು ನೋಡಿ, ಕಾರ್ಡು ವಾಪಸು ಕೊಟ್ಟು ಹೋದಳು. ಜಗಳ ಕೂಡ ತೆಗೆಯಲಿಲ್ಲ.

ಸುತ್ತಿ ಸುತ್ತಿ, ನಿವೃತ್ತಿಗೆ ಎರಡು ವರ್ಷ ಇದ್ದಾಗ ಮತ್ತೆ ಅದೇ ಲೈಬ್ರರಿಗೆ ಬಂದೆ. ಬಾಗಲಕೋಟೆಯ ಹುಡುಗಿ ರೇಷ್ಮಾ ಅಲ್ಲಿ ತರಬೇತಿಗೆ ಸೇರಿದ್ದಳು. ಹಳೆಯ ಪತ್ತೇದಾರಿ ಕಾದಂಬರಿ ಅಂದರೆ ಅವಳಿಗೆ ಹುಚ್ಚು. ತನ್ನಂಥ ನಾಲ್ಕು ಗೆಳತಿಯರನ್ನು ಕೂಡಿಸಿಕೊಂಡು, ಮರೆತುಹೋದ ಪುಸ್ತಕ ಹುಡುಕಿ, ಫೋಟೊ ತೆಗೆದು, ಬರೆದವರು ಯಾರು, ಎಲ್ಲಿದ್ದಾರೆ ಎಂದು ಬೆನ್ನು ಹತ್ತುತ್ತಿದ್ದಳು. ಹಳೇ ಬಾಗಲಕೋಟೆಯಲ್ಲಿ ಅವರ ಅಜ್ಜನ ಅಂಗಡಿಯ ಬಾಜೂಕ್ಕೆ ಪುಸ್ತಕ ಬಾಡಿಗೆ ಕೊಡುವ ಅಂಗಡಿಯೊಂದು ಇತ್ತಂತೆ. ಊರನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ನವನಗರಕ್ಕೆ ಬರುವಾಗ ಜನ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಬಿಚ್ಚಿಕೊಂಡು ಬಂದರು, ಆ ಪುಸ್ತಕಗಳನ್ನು ಮಾತ್ರ ಯಾರೂ ತರಲಿಲ್ಲ ಎಂದು ಅವಳ ಹಳಹಳಿ.

ಒಂದು ದಿನ ಬೆಳಿಗ್ಗೆ, ಬಿಳಿ ಅಂಗಿಯ ಮೇಲೆ ಟವೆಲ್ ಹೊದ್ದ ಮುದುಕರೊಬ್ಬರು ಬಂದು ಕೌಂಟರಿನ ಮುಂದೆ ನಿಂತರು.

“ಮೌನೇಂದ್ರಂದು ಪುಸ್ತಕ ಅದಾವೇನ್ರಿ?”

ರೇಷ್ಮಾ ಕಂಪ್ಯೂಟರಿನಲ್ಲಿ ಹುಡುಕಿದಳು. “ಇಲ್ರಿ ಅಜ್ಜಾರ. ಆ ಹೆಸರಿಂದು ಒಂದೂ ಇಲ್ಲ.”

“ಆ ಡಬ್ಬಿಯಾಗ ಇರಾಕಿಲ್ಲ ತಂಗಿ. ಅದು ಹುಟ್ಟೂಕಿಂತ ಮೊದಲs ಕೊಟ್ಟೇನಿ ನಾ. ಆರು ಪುಸ್ತಕ. ದೊಡ್ಡ ವಹಿ ಇರತೈತಲ್ಲ, ಅದರಾಗ ನೋಡ್ರಿ.”

“ನಿಮಗೆಲ್ಲಿಂದ ಬಂದಿದ್ವು ಆ ಪುಸ್ತಕ?”

“ಎಲ್ಲಿಂದ ಬರತಾವ? ಬರದಾಂವ ನಾನs.”

ರೇಷ್ಮಾ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ಅವಳ ಮುಖ ನೋಡಿ ಮುದುಕರು ಕಕ್ಕಾಬಿಕ್ಕಿಯಾದರು. ಅವಳು ಅವರನ್ನು ಕೂಡಿಸಿ, ನೀರು ಕೊಟ್ಟು, ಒಂದರ ಹಿಂದೊಂದು ಪ್ರಶ್ನೆ ಕೇಳತೊಡಗಿದಳು. ಹೆಸರು ರಾಚಪ್ಪ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕುಣಿಮಗ್ಗಕ್ಕೆ ಇಳಿದವರು. ಮಗ್ಗದ ಕುಣಿಯ ದಂಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಲಾಳಿ ನಿಂತಾಗ ಒಂದು ಸಾಲು, ಎಳೆ ಹರಿದಾಗ ಒಂದು ಸಾಲು ಬರೆದವರು. ರಾಚಪ್ಪ ಎಂಬ ಹೆಸರಿನಿಂದ ಪತ್ತೇದಾರಿ ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರೇ ಮೌನೇಂದ್ರ ಎಂದು ಹೆಸರಿಟ್ಟರಂತೆ.

“ನಿಮ್ಮ ಹತ್ರ ಒಂದೂ ಉಳದಿಲ್ಲೇನ್ರಿ?” ಅಂದಳು ರೇಷ್ಮಾ.

“ಮನಿ ಸೋರತಿತ್ತು. ಗೆದ್ದಲಿ ಕಾಟ ಬ್ಯಾರೆ. ಅದಕ್ಕs ಇಲ್ಲಿ ತಂದು ಕೊಟ್ಟೆ. ಸರಕಾರದ ಲೈಬ್ರರಿಯಾಗ ಇಟ್ರ ನಾ ಸತ್ತಮ್ಯಾಲೂ ಉಳೀತಾವ ಅಂದಕೊಂಡೆ. ಈಗ ಕಣ್ಣು ಮಸುಕು ಆಗಾಕ್ಹತ್ತ್ಯಾವ. ಪೂರಾ ಹೋಗೂಕಿಂತ ಮೊದಲ ‘ಕೆಂಪು ಲಾಳಿ’ ಒಮ್ಮಿ ಓದಿ ನೋಡಬೇಕಂತ. ಉಳದವು ಅಷ್ಟಕ್ಕಷ್ಟ. ಅದೊಂದು ಬರೋಬ್ಬರಿ ಬಂದಿತ್ತು.”

ರಿಜಿಸ್ಟರು ತೆಗೆದದ್ದು ನಾನು. ಆರು ಸಾಲು. ಎಲ್ಲಿಂದ ಬಂತು ಎಂಬ ಅಂಕಣದಲ್ಲಿ ‘ದಾನ: ರಾಚಪ್ಪ, ನೇಕಾರ, ಇಳಕಲ್’ ಎಂದಿತ್ತು. ಆರೂ ಸಾಲಿನ ಮೇಲೆ ಕೆಂಪು ಗೆರೆ. ಗೆರೆಯ ತುದಿಯಲ್ಲಿ ನನ್ನ ಸಹಿ.

ರಿಜಿಸ್ಟರು ಮುಚ್ಚಿದೆ. “ಹಿಂದಿನವರ ಕಾಲಕ್ಕ ಏನೋ ಹೆಚ್ಚುಕಡಿಮಿ ಆಗೇತ್ರಿ ಕಾಕಾ. ನಾ ಹುಡುಕಿಸ್ತೇನಿ,” ಅಂದೆ.

ಅವರು ಕೈ ಮುಗಿದರು. “ನೀವು ಓದಿದವರು. ನಿಮ್ಮಿಂದ ಆಗತೈತಿ,” ಅಂದರು.

ಹುಡುಕಲು ಬಿದ್ದೆವು. ನಿಜ ಹೇಳಬೇಕೆಂದರೆ ರೇಷ್ಮಾ ಪ್ರೀತಿಯಿಂದ ಹುಡುಕಿದಳು, ನಾನು ಹೆದರಿಕೆಯಿಂದ. ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು ಬರೆದ ಎರಡು ಪತ್ತೇದಾರಿಗಳು ಅವರ ಮಗಳ ಮನೆಯಲ್ಲಿ ಸಿಕ್ಕವು. ಅಪ್ಪ ಕಾದಂಬರಿ ಬರೆದಿದ್ದರು ಅಂತ ಆ ಮಗಳಿಗೆ ಗೊತ್ತೇ ಇರಲಿಲ್ಲ. ಬೇರೆ ಬೇರೆ ಹೆಸರಿನಲ್ಲಿ ಬರೆದು ಮರೆಯಾದ ಇನ್ನೂ ಕೆಲವರ ಸುಳಿವು ಹತ್ತಿತು. ಮೌನೇಂದ್ರ ಮಾತ್ರ ಎಲ್ಲಿಯೂ ಇಲ್ಲ.

ಕೊನೆಗೆ, ನನಗೆ ಮೊದಲೇ ಗೊತ್ತಿದ್ದ ಜಾಗಕ್ಕೇ ಒಬ್ಬನೇ ಹೋದೆ. ರದ್ದಿ ಮೌಲಾಸಾಬ ತೀರಿಕೊಂಡಿದ್ದ. ಹೆಂಡತಿ ಬೀಬಿಜಾನ್ ಹುನಗುಂದದಲ್ಲಿ ಮಗನ ಹತ್ತಿರ ಇದ್ದಳು. ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವಳು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ಬಾ ತಮ್ಮಾ. ಲೈಬ್ರಿ ಸಾಹೇಬ ಅಲ್ಲೇನ್ ನೀ? ಮತ್ತ ಏನರ ಮಾರಾಕ ತಂದೀಯೇನು?”

“ಇಲ್ಲಬೇ. ಆವಾಗ ಮಾರಿದ್ರಾಗ ಏನರ ಉಳದಾವೇನು ಕೇಳಾಕ ಬಂದೇನಿ.”

ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು. “ನಮ್ಮಾಂವ ಗಾಡಿ ತಂದು ನಿಲ್ಲಿಸ್ದಾ. ನನ್ನ ಮಗಳು ಒಂದು ತಗದು ಓದಾಕ ಕುಂತ್ಲು. ಜೋರಾಗಿ ಓದಂದೆ. ನಮಗೇನು ಕನ್ನಡ ಓದಾಕ ಬರತೈತಾ? ಕೇಳಾಕ ಬರತೈತಿ. ಓದಿ ಮುಗಿಯೂಮಟ ಒಂದೂ ಪೊಟ್ಟಣಾ ಕಟ್ಟಾಕ ಶೇಂಗಾದವಗ ಕೊಡಬ್ಯಾಡ ಅಂತ ತಾಕೀತ ಮಾಡಿದೆ. ಓಣಿಯಾಗಿನ ಹೆಣ್ಮಕ್ಳೆಲ್ಲಾ ಚಪಾತಿ ಲಟ್ಟಸ್ಕೋತ ಕೇಳಿದ್ವಿ. ಓದಿದಂಗ ಓದಿದಂಗ ಅಂವ ಒಯ್ದಾ. ಒಂದು ಮಾತ್ರ ನಾ ಕೊಡಲಿಲ್ಲ.” ಮತ್ತೆ ಮೆಣಸಿನಕಾಯಿ ಎತ್ತಿಕೊಂಡಳು. “ಕಲ್ತಾಂವ ನೀ ಮಾರಿದಿ. ಹೆಬ್ಬಟ್ಟಿನಾಕಿ ನಾ ಇಟಗೊಂಡೆ. ನೋಡು ಮತ್ತ!”

ತಗಡಿನ ಟ್ರಂಕಿನಲ್ಲಿ, ಮಗಳ ಮದುವೆಯ ಬಟ್ಟೆಯ ಕೆಳಗೆ, ರಟ್ಟಿಲ್ಲದ, ಮೊದಲ ಪುಟವಿಲ್ಲದ ಪುಸ್ತಕವೊಂದು ಸಿಕ್ಕಿತು. ಪ್ರತಿ ಪುಟದ ನೆತ್ತಿಯ ಮೇಲೆ ‘ಕೆಂಪು ಲಾಳಿ’ ಎಂದಿತ್ತು. ಮಧ್ಯದ ಪುಟದಲ್ಲಿ ಹಿಟ್ಟಿನ ಬೆರಳ ಗುರುತು. ಕೊನೆಯ ಪುಟವೂ ಇತ್ತು. ಸಂತೋಷವಷ್ಟೇ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಮೊದಲು ತೆಗೆದದ್ದು ಮೂವತ್ತೇಳನೆಯ ಪುಟ. ‘ರದ್ದು’ ಸೀಲು ನಿನ್ನೆ ಹೊಡೆದ ಹಾಗಿತ್ತು. ಕೆಳಗೆ ನನ್ನ ಪೂರ್ತಿ ಸಹಿ. ಆ ವಯಸ್ಸಿನಲ್ಲಿ ಗ್ರಾಜುಯೇಟ್ ಸಹಿ ಉದ್ದವಾಗಿ ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ, ಗಡ್ಡ ಕೆರೆಯುವ ಬ್ಲೇಡಿನಿಂದ ಆ ಹಾಳೆಯನ್ನು ಹೊಲಿಗೆಯ ಅಂಚಿಗೆ ಕತ್ತರಿಸಿದೆ. ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು. ಆ ಬೆಂಕಿಗೆ ಹಾಕಿದೆ. ಒಂದು ಸಾಲು ಕೂಡ ಓದಲಿಲ್ಲ. ಪುಸ್ತಕ ಕಾಯುವುದಕ್ಕೆ ಸಂಬಳ ತಿಂದವನು, ಅಚ್ಚಾದ ಹಾಳೆಯನ್ನು ಓದದೆ ಸುಟ್ಟೆ. ಕಣ್ಣಿಗೆ ಸಹಿ ಬಿಟ್ಟು ಬೇರೆ ಏನೂ ಕಾಣಲಿಲ್ಲ. ಒಂದು ಹಾಳೆ ಹೋದರೆ ಏನಾಗುತ್ತದೆ, ಹಳೆಯ ಪುಸ್ತಕದಲ್ಲಿ ಹಾಳೆ ಇಲ್ಲದಿರುವುದು ಇದ್ದದ್ದೇ ಎಂದುಕೊಂಡೆ.

ಇಳಕಲ್ಲಿಗೆ ಹೋಗಿ ಪುಸ್ತಕ ಕೊಟ್ಟೆವು. ರಾಚಪ್ಪ ಕಾಕಾ ಅದನ್ನು ಸೀರೆಯ ಅಂಚು ನೋಡುವ ಹಾಗೆ ಎರಡು ಬೆರಳಿನಲ್ಲಿ ಸವರಿ ನೋಡಿದರು. ಕಣ್ಣೊರೆಸಿಕೊಂಡವಳು ರೇಷ್ಮಾ.

ಎಂಟು ದಿನ ಬಿಟ್ಟು ಕಾಕಾ ಹೇಳಿಕಳಿಸಿದರು. ನಾನೊಬ್ಬನೇ ಬರಬೇಕು ಎಂದು. ಹೋದಾಗ ಮಗ್ಗದ ಪಕ್ಕ ಕೂತಿದ್ದರು, ಪುಸ್ತಕ ತೊಡೆಯ ಮೇಲಿತ್ತು.

“ಬರ್ರಿ, ಕೂಡ್ರಿ. ಒಂದು ಹಾಳಿ ಇಲ್ರಿ ಇದರಾಗ.”

“ಹಳೇ ಪುಸ್ತಕ ಅಲ್ರೀ ಕಾಕಾ, ಹರದಿರಬೇಕು.”

“ಹರದಿಲ್ಲ. ಕೊಯ್ದದ್ದು.” ಪುಸ್ತಕ ಬಿಡಿಸಿ ಅಂಚಿನ ಮೇಲೆ ಬೆರಳೆಳೆದರು. “ಉಳದ ಹಾಳಿ ಅಂಚೆಲ್ಲಾ ಹಳದಿ ಆಗ್ಯಾವ. ಈ ಕೊಯ್ದ ಅಂಚು ಒಂದು ಬೆಳ್ಳಗೈತಿ. ಹೊಸದಾಗಿ ಕೊಯ್ದದ್ದು. ಮತ್ತ ನೋಡ್ರಿ, ಚಿತ್ರಾ ಇಲ್ಲ, ಏನಿಲ್ಲ, ಇಂಥಾ ಹಾಳಿ ಯಾರಿಗೆ ಬೇಕು?” ಮೆಲ್ಲಗೆ ಕೇಳಿದರು: “ನಿಮ್ಮ ಲೈಬ್ರಿಯಾಗ ಒಳಗೊಂದು ಪುಟಕ್ಕ ಸೀಲ್ ಹೊಡೀತೀರಿ, ಹೌದಲ್ರಿ? ನಾ ಪುಸ್ತಕ ಕೊಡಾಕ ಬಂದಾಗ ಆಗಿನ ಗುಮಾಸ್ತ ನನ್ನ ಮುಂದs ಹೊಡದಿದ್ದ. ಎಷ್ಟನೇ ಪುಟಕ್ಕ ಅಂಬೂದು ಮರತೇನಿ.”

ಬಾದಾಮಿಯ ದರ್ಜಿಗೆ ನಾನಾಡಿದ ಮಾತು ನೆನಪಾಯಿತು.

“ಹೋಗ್ಲಿ ಬಿಡ್ರಿ,” ಅಂದರು. “ಅದಲ್ಲ ನನ್ನ ಕಷ್ಟ. ಇದು ಕೇಳ್ರಿ.” ಕೊನೆಯ ಅಧ್ಯಾಯ ತೆಗೆದು ಕಣ್ಣಿನ ಹತ್ತಿರ ಹಿಡಿದು ಓದಿದರು. ಆ ಕಾದಂಬರಿಯಲ್ಲಿ ಪತ್ತೇದಾರಿಕೆ ಮಾಡುವವನು ಒಬ್ಬ ಗಡಿಯಾರ ರಿಪೇರಿಯವನು. ಸೀರೆ ಸಾವಕಾರನ ಕೊಲೆಯಾಗಿದೆ. ಕೊನೆಯಲ್ಲಿ ಎಲ್ಲರನ್ನೂ ಕೂಡಿಸಿ ಅವನು ಹೇಳುತ್ತಾನೆ: ಅವತ್ತು ಪಡಸಾಲೆಯಲ್ಲಿ ನೀವೂ ನೋಡಿದಿರಿ, ನಾನೂ ನೋಡಿದೆ, ನೋಡಿದವರಿಗೆ ಇನ್ನು ಹೇಳುವುದೇನಿದೆ? ಹಾಗೆಂದು ಕೊಲೆಗಾರನ ಕಡೆ ಬೆರಳು ತೋರಿಸುತ್ತಾನೆ.

“ಪಡಸಾಲಿ ಪ್ರಸಂಗ ಆ ಹಾಳಿಯಾಗಿತ್ತು. ಅಲ್ಲೇ ಸುಳಿವು ಇಟ್ಟಿದ್ದೆ. ಕಡೀಕ ಮತ್ತೊಮ್ಮಿ ಹೇಳಲಿಲ್ಲ. ಎರಡ ಸಲ ಹೇಳೂದಂದ್ರ ಓದಾವ್ರ ಬುದ್ಧಿಗೆ ಅವಮಾನ ಮಾಡಿದಂಗ ಅಂತಿದ್ದೆ ನಾ. ಸೊಕ್ಕಿತ್ತು.” ಮಗ್ಗದ ಮೇಲಿದ್ದ ಸೀರೆಯನ್ನು ತೋರಿಸಿದರು. “ನಮ್ಮ ಸೀರಿಯಾಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ನಡುವ ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೇವಿ. ಕೊಂಡಿ ಬಿಚ್ಚಿದ್ರ ಎರಡು ತುಂಡು ಅರಿವಿ, ಸೀರಿ ಅಲ್ಲ. ಇದೂ ಹಂಗs ಆಗೇತಿ ಈಗ.”

“ಏನಿತ್ತು ಅಂತ ಹೇಳ್ರಿ ಕಾಕಾ. ನಾ ಬರಕೊಂತೇನಿ.”

“ಅದs ನೆನಪಿಲ್ಲಲ್ರಿ,” ಅಂದರು. “ಐವತ್ತು ವರ್ಷ ಆತು. ಏನೋ ಸಣ್ಣದು. ಭಾಳ ಸಣ್ಣದು. ಸಣ್ಣದಿತ್ತಂತನs ಚಂದಿತ್ತು.”

ಆವತ್ತು ನಾನು ತಪ್ಪು ಒಪ್ಪಿಕೊಳ್ಳಬೇಕಾಗಿತ್ತು. ಒಪ್ಪಿಕೊಳ್ಳಲಿಲ್ಲ. ಎದ್ದು ಬರುವಾಗ ಅವರೇ ಅಂದರು: “ಆ ತಂಗಿ ಕೇಳಿದ್ರ ಹಾಳಿ ಕಳದೈತಿ ಅಂದ್ರಾತು. ನಿಮ್ಮನ್ನ ಭಾಳ ದೊಡ್ಡವರಂತ ತಿಳದಾಳ.”

ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಇಳಕಲ್ಲಿಗೆ ಹೋಗತೊಡಗಿದೆ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಸಲ ಸಾವಕಾರನ ಪಡಸಾಲೆಯ ನೆಲ ಒದ್ದೆಯಾಗಿತ್ತು ಎಂದರು. ಮುಂದಿನ ಪುಟದಲ್ಲಿ ಧೂಳಿನ ಮಾತು ಬರುತ್ತಿತ್ತು, ಹೊಂದಲಿಲ್ಲ. ಇನ್ನೊಂದು ಸಲ ಗಡಿಯಾರ ನಿಂತಿತ್ತು ಎಂದರು. ಎರಡು ಪುಟದಾಚೆ ಅದೇ ಗಡಿಯಾರ ಗಂಟೆ ಹೊಡೆಯುತ್ತಿತ್ತು. ಬರೆದದ್ದನ್ನು ಓದಿಸಿ ಕೇಳಿ, ತಲೆ ಅಲ್ಲಾಡಿಸುತ್ತಿದ್ದರು. “ಇದು ಮುದುಕ ಬರದದ್ದು. ಅಂವ ಹುಡುಗ ಇದ್ದಾ. ಅಂವಗ ಹೊಳದದ್ದು ನನಗ ಹೊಳೀವಲ್ದು.” ಆ ಹಾಳೆಗಳನ್ನು ಹರಿಯಲು ನನಗೇ ಹೇಳುತ್ತಿದ್ದರು. ಹರಿಯುತ್ತಿದ್ದೆ.

ನಾನು ನಿವೃತ್ತನಾದ ವರ್ಷವೇ ಅವರು ಹೋದರು. ಅವರ ಜೊತೆ ನಾನು ಆಡಿದ ಕೊನೆಯ ಮಾತೂ ಆ ಹಾಳೆಯದೇ. ಕಣ್ಣು ಪೂರಾ ಹೋಗಿತ್ತು, ನನ್ನ ಕೈ ಹಿಡಿದು ಕೇಳಿದರು: “ಮುಂದ ಯಾರರ ಓದಿದ್ರ, ಮೌನೇಂದ್ರ ಸುಳಿವು ಕೊಡದs ಮೋಸ ಮಾಡ್ಯಾನ ಅಂತಾರೇನ್ರಿ?”

“ಅನ್ನೂದಿಲ್ರಿ ಕಾಕಾ,” ಅಂದೆ.

ಅನ್ನುತ್ತಿದ್ದಾರೆ. ಹೋದ ತಿಂಗಳು ರೇಷ್ಮಾ ಫೋನ್ ಮಾಡಿದ್ದಳು. ಕರಡು ಓದಿದ ಅವಳ ಗೆಳತಿಯರಲ್ಲಿ ಇಬ್ಬರದು ಒಂದೇ ಮಾತಂತೆ. “ಸರ್, ಕಥಿ ಭಾಳ ಛಲೋ ಐತಿ, ಆದ್ರ ಕಡೀಕ ಕೈ ಕೊಡತಾರ ಅಂತಾರ್ರಿ. ಬರೇ ಎರಡು ಪುಟದಾಗ ಅಂಥಾದ್ದು ಏನಿದ್ದೀತು? ಅಜ್ಜಾರು ಸುಳಿವು ಇಡೂದು ಮರತಿರಬೇಕು ಅಂತ. ನನಗೂ ಒಮ್ಮೊಮ್ಮಿ ಹಂಗs ಅನ್ನಸ್ತೈತ್ರಿ.”

ಮರುದಿನವೇ ಹುನಗುಂದಕ್ಕೆ ಹೋದೆ. ಬೀಬಿಜಾನ್ ಈಗ ಹಾಸಿಗೆ ಹಿಡಿದಿದ್ದಾಳೆ. ಕಥೆ ಕೇಳಿದೆ. ಸಾವಕಾರ, ಗಡಿಯಾರದವನು, ಕೆಂಪು ಲಾಳಿ, ಎಲ್ಲ ಪಟಪಟ ಹೇಳಿದಳು. ಪಡಸಾಲೆಯಲ್ಲಿ ಏನು ನೋಡಿದರು ಅಂದೆ. ಕಣ್ಣು ಮುಚ್ಚಿಕೊಂಡಳು.

“ಅಲ್ಲಿಗೆ ಬಂದಾಗ ನಾವೆಲ್ಲಾ ಹಾ! ಅಂದಿದ್ವಿ ತಮ್ಮಾ. ನನ್ನ ಕೈಯಾಗಿನ ಲಟ್ಟಣಿಗಿ ಬಿದ್ದಿತ್ತು. ಯಾತಕ್ಕ ಅಂದ್ವಿ ಅಂಬೂದು ನೆನಪಿಲ್ಲ.” ನನ್ನ ಮುಖ ನೋಡಿ ಕೇಳಿದಳು: “ಪುಸ್ತಕ ನಿನಗs ಕೊಟ್ಟೇನಲ್ಲ. ಅದರಾಗ ನೋಡಬಾರದೇನು?”

ಅವಳ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನನ್ನಿಂದ ಬೇರೆ ಉಪದೇಶ ಇಲ್ಲ. ಬಾದಾಮಿಯ ಆ ದರ್ಜಿ ಬದುಕಿದ್ದರೆ, ಯಾರಾದರೂ ಇದನ್ನು ಅವನಿಗೂ ಓದಿ ಹೇಳಿ.

ರೇಷ್ಮಾ, ನಿನ್ನ ಮುಂದೆ ದೊಡ್ಡವನಾಗಿ ಇರಲಿ ಎಂದು ಕಾಕಾ ನನಗೆ ಕೊಟ್ಟ ಸುಳ್ಳನ್ನು ಇಷ್ಟು ದಿನ ಬಳಸಿಕೊಂಡೆ. ಸಾಕು. ಕರಡಿನ ಆ ಸಾಲು ಹೊಡೆದುಹಾಕು. ಮುಂದಿನದನ್ನು ಹಾಕು. ಸಣ್ಣ ಅಕ್ಷರ ಬೇಡ, ಬೋರ್ಡಿನ ಮೇಲೆ ಬರೆಯುವಷ್ಟು ದೊಡ್ಡದಿರಲಿ:

‘ಪುಟ ೩೭ ಮತ್ತು ೩೮ ಕಳೆದುಹೋಗಿಲ್ಲ. ಅವನ್ನು ಓದದೆ ಕತ್ತರಿಸಿ ಸುಟ್ಟವನು ಹನಮಂತಪ್ಪ, ತಂದೆ ಯಲ್ಲಪ್ಪ, ಬೇವೂರು, ನಿವೃತ್ತ ಗ್ರಂಥಪಾಲಕ. ಸುಳಿವು ಆ ಹಾಳೆಯಲ್ಲಿ ಇತ್ತು. ಲೇಖಕರು ಮೋಸ ಮಾಡಿಲ್ಲ.’